ಬಚ್ಚಲೊಲೆಯೂ ಯುದ್ಧನೌಕೆಯೂ

ನಿಟ್ಟೂರಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕೊಡಚಾದ್ರಿಯು ದಿನಗಟ್ಟಲೆ ಮುಖ ತೋರಿಸುವುದಿಲ್ಲ. ಆ ದಿನಗಳಲ್ಲಿ ಮನೆಯೊಳಗಿನ ಅತ್ಯಂತ ಬೆಚ್ಚನೆಯ ಸ್ಥಳವೆಂದರೆ ಬಚ್ಚಲು. ಅಡಕೆಯ ಹಾಳೆ, ತೆಂಗಿನ ಗರಿ, ಒಣಗಿದ ಕುಂಟೆ, ಯಾವುದಾದರೂ ಸರಿಯೆ, ಒಲೆಗೆ ಪಂಕ್ತಿಭೇದವಿಲ್ಲ. ಹಂಡೆಯ ನೀರೂ ತನ್ನನ್ನು ಕಾಯಿಸಿದ ಬೆಂಕಿಯ ಕುಲಗೋತ್ರವನ್ನು ವಿಚಾರಿಸುವುದಿಲ್ಲ.

ಊರಿನ ಆ ಮನೆಯ ಹಿರಿಯರಿಗೆ ಎಪ್ಪತ್ತೈದು ದಾಟಿದೆ. ಆದರೂ ಬೆಳಗಿನ ಜಾವ ಬಚ್ಚಲಿಗೆ ಉರಿ ಹಾಕುವ ಅಧಿಕಾರವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. “ಹಡಗು ಇವರನ್ನು ಬಿಟ್ಟಿತು, ಬಾಯ್ಲರು ಬಿಡಲಿಲ್ಲ” ಎಂದು ಮನೆಯಾಕೆ ನಗುತ್ತಾರೆ. ಮಾತು ಸುಳ್ಳಲ್ಲ. ತಾರುಣ್ಯದಲ್ಲಿ ನೌಕಾದಳವನ್ನು ಸೇರಿದ ಅವರು ‘ವಿಕ್ರಾಂತ’ ಹಡಗಿನ ಬಾಯ್ಲರು ಕೋಣೆಯಲ್ಲಿ ದುಡಿದವರು. ೧೯೬೧ರಲ್ಲಿ ನೌಕಾದಳಕ್ಕೆ ಬಂದು ೧೯೯೭ರಲ್ಲಿ ನಿವೃತ್ತವಾದ ಆ ವಿಮಾನವಾಹಕವು ಉಗಿಯ ಬಲದಿಂದ ಚಲಿಸುತ್ತಿತ್ತು. ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದು ೧೯೭೧ರ ಯುದ್ಧದ ಹೊತ್ತಿಗೆ ಬಿರುಕುಬಿಟ್ಟಿತ್ತು. ಉಳಿದ ಮೂರನ್ನೇ ನಂಬಿ, ವೇಗವನ್ನು ತಗ್ಗಿಸಿಕೊಂಡು, ಹಡಗು ಬಂಗಾಳಕೊಲ್ಲಿಯಲ್ಲಿ ತನ್ನ ಕಾರ್ಯವನ್ನು ನೆರವೇರಿಸಿತು. ಅಂದಿನಿಂದ ಆ ಹಿರಿಯರಿಗೆ ಇಂಧನವೆಂದರೆ ಬರಿಯ ಎಣ್ಣೆಯಲ್ಲ, ಅಳತೆ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗ ಆ ಅಳತೆಯನ್ನೇ ಪರೀಕ್ಷೆಗೆ ಒಡ್ಡಿದ. ಮನೆಯ ಎರಡು ಎಕರೆ ಗದ್ದೆ ಆಳುಗಳು ಸಿಕ್ಕದೆ ಮೂರು ವರ್ಷಗಳಿಂದ ಬೀಳುಬಿದ್ದಿತ್ತು.

“ಅದಕ್ಕೆ ಎಣ್ಣೆಬೀಜದ ಮರ ಹಾಕೋಣ ಅಜ್ಜ. ಮುಂದೆ ಯುದ್ಧನೌಕೆಗಳೂ ಗಿಡದ ಎಣ್ಣೆಯಿಂದಲೇ ಓಡುತ್ತವಂತೆ. ಕಾರವಾರದ ನೌಕಾನೆಲೆ ನಮಗೇನು ದೂರವೆ? ಕೊಲ್ಲೂರಿನ ಘಟ್ಟ ಇಳಿದು ಬಡಗಣಕ್ಕೆ ತಿರುಗಿದರಾಯಿತು.”

ಹಿರಿಯರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಒಲೆಗೆ ಇನ್ನೊಂದು ಕುಂಟೆ ನೂಕಿದರು.

ಮಲೆನಾಡಿಗೂ ಹಡಗಿಗೂ ನಂಟು ಹೊಸತಲ್ಲ. ನಿಟ್ಟೂರಿಗೆ ಸಮೀಪದ ನಗರ, ಎಂದರೆ ಹಿಂದಿನ ಬಿದನೂರು, ೧೭೬೩ರಲ್ಲಿ ಹೈದರಾಲಿಯ ವಶವಾದಾಗ ಕರಾವಳಿಯ ಬಂದರುಗಳೂ ಅವನ ಕೈಸೇರಿದವು. ಅವನು ನೌಕಾಪಡೆಯನ್ನು ಕಟ್ಟಹೊರಟನು. ಪಡುವಣ ಘಟ್ಟದ ಸುರಹೊನ್ನೆಯ ಜಾತಿಯ ನೀಳವಾದ ಮರಗಳು ಹಾಯಿಹಡಗಿನ ಕೂವೆಕಂಬಗಳಿಗೆ ಹೆಸರಾದವು. ಆ ಜಾತಿಯ ಬೀಜದ ಎಣ್ಣೆ ಮನೆಯ ಹಣತೆಯಲ್ಲಿಯೂ ಉರಿಯಿತು. ಆದರೆ ಅಂದಿನ ಹಡಗಿಗೆ ಇಂಧನದ ಚಿಂತೆಯಿರಲಿಲ್ಲ, ಗಾಳಿಗೆ ಬೆಲೆಯಿಲ್ಲವಷ್ಟೆ. ಚಿಂತೆ ಹುಟ್ಟಿದ್ದು ಕಲ್ಲಿದ್ದಲಿನೊಡನೆ. ಬ್ರಿಟನ್ನಿನ ನೌಕಾದಳವು ಮೊದಲ ಮಹಾಯುದ್ಧದ ಮುನ್ನಾ ವರ್ಷಗಳಲ್ಲಿ ಸ್ವದೇಶದ ಕಲ್ಲಿದ್ದಲನ್ನು ಬಿಟ್ಟು ಪರದೇಶದ ಎಣ್ಣೆಗೆ ತಿರುಗಿತು. ವೇಗ ಹೆಚ್ಚಿತು, ಪರಾಧೀನತೆಯೂ ಹೆಚ್ಚಿತು. ಆದ್ದರಿಂದಲೇ ಅಲ್ಲಿನ ಸರಕಾರ ೧೯೧೪ರಲ್ಲಿ ಪರ್ಷಿಯಾದ ಎಣ್ಣೆಯ ಕಂಪೆನಿಯೊಂದರ ಬಹುಪಾಲು ಒಡೆತನವನ್ನೇ ಕೊಂಡುಕೊಂಡಿತು.

ಮೊಮ್ಮಗನ ವಾದದ ತಿರುಳೂ ಇದೇ ಆಗಿತ್ತು. ಭಾರತ ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತದೆ. ಕಡಲ ಹಾದಿಯನ್ನು ಕಾಯಬೇಕಾದ ಹಡಗೇ ಕಡಲ ಹಾದಿಯಿಂದ ಬರುವ ಎಣ್ಣೆಯನ್ನು ಕಾದು ಕುಳಿತರೆ ಹೇಗೆ? ೨೦೧೮ರ ಡಿಸೆಂಬರಿನಲ್ಲಿ ವಾಯುದಳದ ಎಎನ್-೩೨ ವಿಮಾನವು ಕಾಡುಹರಳಿನ ಎಣ್ಣೆಯಿಂದ ತಯಾರಾದ ಇಂಧನವನ್ನು ಬೆರೆಸಿಕೊಂಡು ಚಂಡೀಗಢದಲ್ಲಿ ಹಾರಲಿಲ್ಲವೆ? ಮರುತಿಂಗಳ ಗಣರಾಜ್ಯ ದಿನದಲ್ಲಿ ಅಂಥದೇ ವಿಮಾನ ದೆಹಲಿಯ ಮೇಲೆ ಹಾದುಹೋಗಲಿಲ್ಲವೆ? ಆಕಾಶಕ್ಕೆ ಸಲ್ಲುವುದು ಸಮುದ್ರಕ್ಕೆ ಏಕೆ ಸಲ್ಲದು?

ಸಲ್ಲುತ್ತದೆ ಎಂಬುದನ್ನು ಹಿರಿಯರೂ ಒಪ್ಪಿದರು. ಅಮೆರಿಕದ ನೌಕಾದಳ ೨೦೧೨ರ ಜುಲೈಯಲ್ಲಿ ಹವಾಯಿಯ ಬಳಿ ಅದನ್ನು ಮಾಡಿಯೂ ತೋರಿಸಿತು. ಕರಿದುಳಿದ ಎಣ್ಣೆ ಮತ್ತು ಪಾಚಿಯಿಂದ ಮಾಡಿದ ಇಂಧನವನ್ನು ಮಾಮೂಲಿ ಇಂಧನದೊಡನೆ ಸಮಸಮವಾಗಿ ಬೆರೆಸಿ ಹಡಗುಗಳನ್ನೂ ವಿಮಾನಗಳನ್ನೂ ಓಡಿಸಿತು. ಆದರೆ ಆ ಹೊಸ ಇಂಧನದ ಬೆಲೆ ಗ್ಯಾಲನ್ನಿಗೆ ೨೬ ಡಾಲರು. ಹಳೆಯದಕ್ಕೆ ನಾಲ್ಕು ಡಾಲರೂ ಇರಲಿಲ್ಲ. ಈ ಹಣದಲ್ಲಿ ಹಡಗನ್ನೇ ಕಟ್ಟಬಾರದೆ ಎಂದು ಅಲ್ಲಿನ ಶಾಸನಸಭೆಯಲ್ಲಿ ಕೆಲವರು ಕೆರಳಿದರು. ಮೊದಲ ಗಿರಾಕಿ ದುಬಾರಿ ಬೆಲೆ ಕೊಟ್ಟರಲ್ಲವೆ ನಾಳೆ ಅಗ್ಗವಾಗುವುದು ಎಂದು ನೌಕಾದಳದವರು ಉತ್ತರವಿತ್ತರು. ೨೦೧೬ರಲ್ಲಿ ಮತ್ತೆ ಹಡಗುಗಳು ಹೊರಟಾಗ ಬೆರಕೆಯ ಬೆಲೆ ಇಳಿದಿತ್ತೇನೋ ನಿಜ. ಆದರೆ ಹೊಸ ಇಂಧನದ ಪಾಲೂ ನೂರಕ್ಕೆ ಹತ್ತಕ್ಕೆ ಇಳಿದಿತ್ತು.

“ಇನ್ನೊಂದು ತೊಡಕುಂಟು,” ಎಂದರು ಹಿರಿಯರು. ಲಾರಿಗೆ ಒಗ್ಗುವ ಬಯೋಡೀಸೆಲ್ ನೀರಿನ ಪಸೆಯನ್ನು ಹೀರುತ್ತದೆ. ಹಡಗಿನ ತೊಟ್ಟಿಯಲ್ಲಿ ಪಸೆ ತಪ್ಪಿದ್ದಲ್ಲ. ಪಸೆಯಿದ್ದೆಡೆ ಸೂಕ್ಷ್ಮಜೀವಿಗಳು ಬೆಳೆದು ಶೋಧಕಗಳು ಕಟ್ಟಿಕೊಳ್ಳುತ್ತವೆ. ನಡುಗಡಲಿನಲ್ಲಿ ಎಂಜಿನು ಕೆಮ್ಮಿದರೆ ಗತಿಯೇನು? ಆದ್ದರಿಂದ ಗಿಡದ ಎಣ್ಣೆಯನ್ನು ಜಲಜನಕದಿಂದ ಸಂಸ್ಕರಿಸಿ, ಅದರೊಳಗಿನ ಆಮ್ಲಜನಕವನ್ನು ತೆಗೆದು, ಕಲ್ಲೆಣ್ಣೆಗೆ ಸರಿಸಾಟಿಯಾಗಿ ಮಾಡಬೇಕು. ಅದು ಊರ ಗಾಣದಲ್ಲಿ ಆಗುವ ಕೆಲಸವಲ್ಲ.

ಮರುದಿನ ಹಿರಿಯರು ಮೊಮ್ಮಗನ ಕೈಗೇ ಹಾಳೆ, ಪೆನ್ಸಿಲು ಕೊಟ್ಟರು. ಎರಡು ಎಕರೆಗೆ ನೂರೈವತ್ತು ಹೊಂಗೆ ಮರಗಳೆಂದಿಟ್ಟುಕೊಳ್ಳೋಣ. ಬೆಳೆದು ನಿಂತ ಮೇಲೆ ಮರಕ್ಕೆ ವರ್ಷಕ್ಕೆ ಇಪ್ಪತ್ತೈದು ಕಿಲೋ ಬೀಜ. ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರು ಎಣ್ಣೆ. ಒಟ್ಟು ಹೆಚ್ಚೂಕಡಮೆ ೯೪೦ ಲೀಟರು. ೨೦೨೨ರಲ್ಲಿ ನೌಕಾದಳವನ್ನು ಸೇರಿದ ಹೊಸ ‘ವಿಕ್ರಾಂತ’ಕ್ಕೆ ನಾಲ್ಕು ಗ್ಯಾಸ್ ಟರ್ಬೈನುಗಳಿವೆ. ಅವು ಪೂರ್ಣ ಬಲದಿಂದ ಓಡಿದರೆ ಗಂಟೆಗೆ ಇಪ್ಪತ್ತು ಟನ್ನಿಗೂ ಮಿಕ್ಕಿ ಇಂಧನ ಬೇಕು.

ಮೊಮ್ಮಗ ಭಾಗಿಸಿದ, ಅಳಿಸಿ ಮತ್ತೆ ಭಾಗಿಸಿದ.

“ಎರಡು ಎಕರೆಯ ಇಡೀ ವರ್ಷದ ಎಣ್ಣೆ ಮೂರು ನಿಮಿಷಕ್ಕೂ ಸಾಲದು ಅಜ್ಜ!”

“ಅದೇ ಎಣ್ಣೆ ತೋಟದ ಸಣ್ಣ ಪಂಪಿಗಾದರೆ?”

ಪಂಪು ಗಂಟೆಗೆ ಒಂದು ಲೀಟರು ಕುಡಿದರೂ ಒಂಬೈನೂರು ಗಂಟೆ ನೀರೆತ್ತುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನುಗಳನ್ನು ಓಡಿಸಿ ತೋರಿಸಿದ್ದು ಹಳ್ಳಿಯ ನೀರಿಗಾಗಿ, ಬೆಳಕಿಗಾಗಿ. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ೨೦೦೭ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನವೂ ಬದುವಿನಲ್ಲಿ, ಪಾಳುನೆಲದಲ್ಲಿ ಮರ ಬೆಳೆಸಿರೆಂದು ರೈತರಿಗೆ ಹೇಳಿತೇ ಹೊರತು, ಗದ್ದೆಯನ್ನು ಬಿಟ್ಟುಕೊಡಿರೆಂದು ಹೇಳಲಿಲ್ಲ.

“ಹಾಗಾದರೆ ಹಡಗಿಗೆ ಏನು ಗತಿ?” ಎಂದ ಮೊಮ್ಮಗ. ಸೋತವನ ಪ್ರಶ್ನೆಯಲ್ಲ ಅದು, ನಿಜವಾದ ಪ್ರಶ್ನೆ.

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಪಟ್ಟಣಗಳಲ್ಲಿ ಕರಿದು ಚೆಲ್ಲುವ ಎಣ್ಣೆಯಿದೆ. ಕಾಡಂಚಿನಲ್ಲಿ ಉದುರಿ ಕೊಳೆಯುವ ಬೀಜವಿದೆ. ಅದನ್ನು ಕೂಡಿಸಿ ನೂರಕ್ಕೆ ಐದೋ ಹತ್ತೋ ಬೆರೆಸಲಿ. ದೇಶಕ್ಕೆ ಅದೂ ಒಂದು ಬಲವೇ. “ಆದರೆ ಗದ್ದೆಯ ಅನ್ನವನ್ನು ತೆಗೆದು ಹಡಗಿನ ಹೊಟ್ಟೆಗೆ ಸುರಿಯಬಾರದು. ಹಡಗು ಹೊರಡುವುದೇ ಆ ಗದ್ದೆಯನ್ನು ಕಾಯುವುದಕ್ಕೆ,” ಎಂದರು. ೧೯೭೧ರಲ್ಲಿ ಮೂರು ಬಾಯ್ಲರುಗಳ ಮುಂದೆ ಬೆವರಿಳಿಸಿದವರ ಮಾತು ಅದು, ಮೊಮ್ಮಗ ಎದುರಾಡಲಿಲ್ಲ.

ಆದರೆ ಮಾತಿನಿಂದ ಗದ್ದೆ ಊಳಲ್ಪಡುವುದಿಲ್ಲ. ಆಳಿಲ್ಲವೆಂಬ ಕಷ್ಟ ಇದ್ದಲ್ಲಿಯೇ ಇತ್ತು. ಹಿರಿಯರು ಕೊಡೆ ಹಿಡಿದು ನೆರೆಮನೆಗಳನ್ನು ಸುತ್ತಿ, ಮರೆತುಹೋಗಿದ್ದ ಮುಯ್ಯಾಳಿನ ಮಾತನ್ನು ಮತ್ತೆ ಎತ್ತಿದರು. ಇಬ್ಬರು ಒಪ್ಪಿದರು, ಒಬ್ಬರು ನಕ್ಕರು. ಎರಡು ಎಕರೆಯಲ್ಲಿ ಒಂದಕ್ಕೆ ಮಾತ್ರ ಆ ವರ್ಷ ನಟ್ಟಿಯಾಯಿತು. ಮೊಮ್ಮಗ ರಜೆಯನ್ನು ನಾಲ್ಕು ದಿನ ಬೆಳೆಸಿ, ಕೆಸರಿನಲ್ಲಿ ಎರಡು ಸಲ ಬಿದ್ದು, ಸೊಂಟ ಹಿಡಿದುಕೊಂಡು ಬೆಂಗಳೂರಿಗೆ ಹಿಂದಿರುಗಿದ. ಹೊರಡುವ ಮುನ್ನ ಹಳ್ಳದ ದಂಡೆಯಲ್ಲಿ ಹನ್ನೆರಡು ಹೊಂಗೆ ಸಸಿಗಳನ್ನು ನೆಟ್ಟಿದ್ದ.

ಈಗಲೂ ಪ್ರತಿ ಭಾನುವಾರ ಫೋನು ಮಾಡಿದಾಗ ಅವನು ಮೊದಲು ಭತ್ತದ ವಿಚಾರವನ್ನು ಕೇಳುತ್ತಾನೆ, ಆಮೇಲೆ ಸಸಿಗಳದು. ಹನ್ನೆರಡರಲ್ಲಿ ಒಂಬತ್ತು ಉಳಿದಿವೆ. ಹಿರಿಯರು ಹೇಳುವುದು ಒಂಬತ್ತೇ. ಅವರು ಅಳತೆಯಲ್ಲಿ ಎಂದೂ ಸುಳ್ಳಾಡಿದವರಲ್ಲ.