ಸಿಂಧನೂರಿಗೆ ಹೋದ ಕವಿತೆ

ಕವಿಗೋಷ್ಠಿಗೆ ಮೊದಲ ಬಾರಿ ಕರೆ ಬಂದ ತರುಣನ ಮನಃಸ್ಥಿತಿಯನ್ನು ಅನುಭವಿಸಿದವರೇ ಬಲ್ಲರು. ಹತ್ತು ವರ್ಷಗಳ ಹಿಂದೆ ಸಿಂಧನೂರಿನಲ್ಲಿ ನಡೆದ ಲೇಖಕರ ಸಮ್ಮೇಳನವೊಂದಕ್ಕೆ ನನಗೂ ಅಂಥದೊಂದು ಕರೆ ಬಂದಿತ್ತು. ಎಂ.ಎ. ಮುಗಿಸಿ ಆಗತಾನೆ ಕಾಲೇಜು ಸೇರಿದ್ದೆ. ನನ್ನ ಒಂದು ಸಾಲೂ ಅಚ್ಚಾಗಿರಲಿಲ್ಲ. ಹಿಂದಿನ ರಾತ್ರಿ ಲಿಂಗಸುಗೂರಿನ ಗೆಳೆಯನ ಮನೆಯಲ್ಲಿ ಉಳಿದು, ಕವಿತೆಯನ್ನು ಮೂರು ಸಲ ನಕಲು ಮಾಡಿದೆ. ಪ್ರತಿ ಸಲವೂ ಕೆಳಗೆ ನನ್ನ ಹೆಸರು ಮಾತ್ರ ತುಸು ದಪ್ಪವಾಗಿಯೇ ಮೂಡುತ್ತಿತ್ತು.

ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸುತ್ತ ಗೆಳೆಯನ ತಾಯಿ ಕೇಳಿದರು: “ಎಷ್ಟು ಉದ್ದ ಐತೋ ತಮ್ಮಾ ನಿನ್ನ ಕವಿತಾ?”

“ಅರವತ್ತು ಸಾಲು, ಅಮ್ಮಾ.”

ಅವರು ಆಯ್ದಕ್ಕಿ ಲಕ್ಕಮ್ಮನ ಮಾತು ತೆಗೆದರು. ಆಕೆಯ ಊರಾದ ಅಮರೇಶ್ವರ ಲಿಂಗಸುಗೂರು ತಾಲ್ಲೂಕಿನದೇ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದವಳು ಆಕೆ. ಸೂಚನೆ ನನಗೆ ಅರ್ಥವಾಯಿತು. ಆದರೂ ಒಂದು ಸಾಲನ್ನೂ ನಾನು ಬಿಡಲಿಲ್ಲ!

ಮರುದಿನ ದಾರಿಯಲ್ಲಿ ಮಸ್ಕಿಯಲ್ಲಿ ಇಳಿದೆ. ಈಗ ಅದೇ ಒಂದು ತಾಲ್ಲೂಕು ಕೇಂದ್ರ. ಆಗಿನ್ನೂ ಲಿಂಗಸುಗೂರಿಗೆ ಸೇರಿತ್ತು. “ಶಾಸನ ನೋಡಾಕ ಬಂದೀರೇನ್ರಿ ಸರ?” ಎಂದು ಚಹದಂಗಡಿಯವನು ಕೇಳದೆಯೇ ದಾರಿ ತೋರಿಸಿದ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಬಂದು ಕಂಡದ್ದು ಈ ಬಂಡೆಯನ್ನು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲೆಲ್ಲ ದೊರೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದುಕೊಂಡಿದ್ದ. ಅವನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಆ ಊಹೆಗೆ ಕಲ್ಲಿನ ಸಾಕ್ಷಿ ದೊರೆತದ್ದು ಮಸ್ಕಿಯಲ್ಲಿ. ಮುಂದೆ ಗುಜರ್ರಾದಲ್ಲಿಯೂ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂಗಳಲ್ಲಿಯೂ ಆ ಹೆಸರು ಸಿಕ್ಕಿತು.

ಸವೆದ ಬ್ರಾಹ್ಮೀ ಅಕ್ಷರಗಳ ಮುಂದೆ ನಿಂತಾಗ ನನ್ನ ಚಿಂತೆಯೇ ಬೇರೆಯಾಗಿತ್ತು. ಕೆತ್ತಿದವನು ಯಾರು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಲಿಪಿಕಾರನಾದ ಚಪಡ ತನ್ನ ಹೆಸರು ಹೇಳಿಕೊಂಡಿದ್ದಾನೆ; ‘ಲಿಪಿಕಾರ’ ಎಂಬ ಮಾತನ್ನು ದೂರದ ಗಾಂಧಾರದ ಖರೋಷ್ಠಿ ಲಿಪಿಯಲ್ಲಿ ಬರೆದು ಸ್ವಲ್ಪ ಜಂಬವನ್ನೂ ತೋರಿಸಿದ್ದಾನೆ. ಮಸ್ಕಿಯವನು ಏನನ್ನೂ ಹೇಳಿಲ್ಲ. ಪಾಪ, ಎನಿಸಿತು. ಕೈ ತಾನಾಗಿಯೇ ಚೀಲದಲ್ಲಿದ್ದ ಕವಿತೆಯನ್ನು ಮುಟ್ಟಿ ನೋಡಿತು.

ಸಿಂಧನೂರು ಸಮೀಪಿಸಿದಂತೆ ಬಯಲಿನ ಬಣ್ಣವೇ ಬದಲಾಯಿತು. ಒಂದು ಕಾಲದ ಜೋಳದ ಎರೆಹೊಲಗಳಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವಷ್ಟು ದೂರ ಭತ್ತ. ಕನ್ನಡ, ಉರ್ದು, ತೆಲುಗು, ಸುತ್ತಣ ಕ್ಯಾಂಪುಗಳ ಬಂಗಾಳಿ ಎಲ್ಲವೂ ಪೇಟೆಯಲ್ಲಿ ಕಿವಿಗೆ ಬಿದ್ದವು.

ಗೋಷ್ಠಿಯ ವಿಷಯ ಹೆಚ್ಚು ಹೇಳಲಾರೆ. ಕವಿಗಳು ನಲವತ್ತಕ್ಕೂ ಹೆಚ್ಚು. ಸಂಕಲನ ತರುವುದಾಗಿ ಹೇಳಿ ಎಲ್ಲರ ಪ್ರತಿಗಳನ್ನೂ ಮೊದಲೇ ಪಡೆಯಬೇಕೆಂದಿದ್ದುದರಿಂದ, ಓದಿ ಮುಗಿಸಿದೊಡನೆ ಹಾಳೆ ಕೈಬಿಡಬೇಕಿತ್ತು. ಅಚ್ಚಾಗಿದ್ದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕೊನೆಯಲ್ಲಿ ಪೆನ್ಸಿಲಿನಿಂದ ಸೇರಿಸಿದರು. ನನ್ನ ಸರದಿ ಬಂದದ್ದು ರಾತ್ರಿ ಎಂಟಕ್ಕೆ. ಹದಿನಾಲ್ಕು ಸಾಲು ಓದುವಷ್ಟರಲ್ಲಿ ‘ಸಮಯ ಮುಗಿಯಿತು’ ಎಂಬ ಚೀಟಿ ಬಂತು. ಅದಕ್ಕೂ ಮೊದಲೇ ಮೈಕು ಕೆಟ್ಟಿತ್ತು. ಲಕ್ಕಮ್ಮ ನೆನಪಾದಳು.

ಚಪ್ಪರದ ಹೊರಗೆ ರುಮಾಲು ಸುತ್ತಿದ ವೃದ್ಧರೊಬ್ಬರು ತಡೆದರು. ಎಂಬತ್ತು ದಾಟಿದ ಅವರು ಬೆಳಗಿನಿಂದಲೂ ಮುಂದಿನ ಸಾಲಿನಲ್ಲಿ ಕುಳಿತಿದ್ದರು.

“ನಮ್ಮ ಕಾಲಕ್ಕ ಸಾಲಿಯೊಳಗ ಎಲ್ಲಾ ಉರ್ದೂನ ನೋಡ್ರಿ, ನಿಜಾಮರ ರಾಜ್ಯ. ಕನ್ನಡ ಅಕ್ಷರ ನಮ್ಮಪ್ಪನ ಕಲಿಸಿದ. 34ರಾಗ ರಾಯಚೂರಿನ ಸಮ್ಮೇಳನಕ್ಕ ಬಂಡಿ ಹೂಡಿಕೊಂಡು ಹೋಗಿದ್ದಂತ ಅವ.”

ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿದ್ದ 1934ರ ಸಮ್ಮೇಳನ ಅದು. ಅದನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ.

“ನಿಮ್ಮದು ಅರ್ಧಕ್ಕ ನಿಂತ್ತು. ಉಳಿದದ್ದು ಬರಕೊಡ್ರಿ, ಮನಿಯಾಗ ಓದ್ತೀನಿ.”

ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಆಮಂತ್ರಣ ಪತ್ರಿಕೆಯ ಬೆನ್ನಿಗೆ, ದೀಪದ ಕಂಬದ ಕೆಳಗೆ ನಿಂತು, ನೆನಪಿದ್ದಷ್ಟನ್ನು ಬರೆದೆ. ಅರವತ್ತರಲ್ಲಿ ಮೂವತ್ತೋ ಮೂವತ್ತೆರಡೋ ಸಾಲುಗಳಾದವು. ಉಳಿದವು ನನಗೇ ನೆನಪಾಗಲಿಲ್ಲ. ಅವರು ಅದನ್ನು ನಾಲ್ಕಾಗಿ ಮಡಿಚಿ ಅಂಗಿಯ ಒಳಜೇಬಿಗೆ ಸೇರಿಸಿದರು.

ಬಸ್ಸು ಮಸ್ಕಿಯಲ್ಲಿ ನಿಂತಾಗ ಗುಡ್ಡ ಕತ್ತಲೆಯಲ್ಲಿ ಅಸ್ಪಷ್ಟವಾಗಿ ಕಾಣುತ್ತಿತ್ತು. ಆ ಹಾಳೆಯ ಮೇಲೆ ನನ್ನ ಹೆಸರು ಬರೆಯಲು ಮರೆತದ್ದು ಆಗ ಹೊಳೆಯಿತು. ಲಿಂಗಸುಗೂರು ಮುಟ್ಟುವ ಹೊತ್ತಿಗೆ ಹತ್ತೂವರೆಯಾಗಿತ್ತು. ಗೆಳೆಯನ ತಾಯಿ ರೊಟ್ಟಿ ಮುಚ್ಚಿಟ್ಟು ಎಚ್ಚರವಾಗಿಯೇ ಇದ್ದರು.