ಅಪ್ಪು ಕಣ್ಣಿನಿಂದ ಶುರುವಾಗಲಿ ಪಾಠ

ಔರಾದ್ ತಾಲೂಕಿನ ಚಿಂತಾಕಿಯ ಮಕ್ಕಳಿಗೆ ಕಾರ್ನಿಯಾ ಎಂದರೆ ಪಠ್ಯಪುಸ್ತಕದ ಒಂದು ಚಿತ್ರ. ಅಪ್ಪು ಎಂದು ಎಲ್ಲರೂ ಕರೆಯುವ ನಟ ಪುನೀತ್ ರಾಜ್‌ಕುಮಾರ್ ಎಂದರೆ ಹಾಗಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ತೀರಿಕೊಂಡ ಮೇಲೆ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಎರಡರಿಂದ ನಾಲ್ಕು ಹೇಗೆ? ಈ ಪ್ರಶ್ನೆ ಕೇಳಿ ಸುಮ್ಮನೆ ನಿಂತರೂ ಸಾಕು, ತರಗತಿ ತಾನಾಗಿ ಹತ್ತಿರ ಬರುತ್ತದೆ.

ಸಿನಿಮಾಗಳಲ್ಲಿ ಇಡೀ ಕಣ್ಣನ್ನೇ ಬದಲಿಸಿದಂತೆ ತೋರಿಸುತ್ತಾರೆ. ನಿಜದಲ್ಲಿ ಕಸಿ ಮಾಡುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಮಾತ್ರ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅದರಲ್ಲಿ ರಕ್ತನಾಳಗಳೇ ಇಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅಷ್ಟು ತೆಳುವಾದದ್ದನ್ನೂ ಸೀಳಿ, ಮುಂದಿನ ಪದರವನ್ನು ಮೇಲ್ಭಾಗ ಕೆಟ್ಟವರಿಗೂ ಹಿಂದಿನ ಪದರವನ್ನು ಒಳಭಾಗ ಕೆಟ್ಟವರಿಗೂ ಕೊಟ್ಟರು. ಹಿಂದಿನ ಪದರದ ಜೀವಕೋಶಗಳು ಕಾರ್ನಿಯಾದಿಂದ ನೀರನ್ನು ಹೊರಹಾಕುತ್ತಲೇ ಇರಬೇಕು. ಅವು ಸೋತರೆ ಕಾರ್ನಿಯಾ ಊದಿ ಮಂಜಾಗುತ್ತದೆ.

ಬೀದರ್‌ನಲ್ಲಿ ನರ್ಸಿಂಗ್ ಓದುವವರಿಗೂ ಇದೇ ಪಾಠ ಬೇಕು, ಇನ್ನೊಂದು ಹೆಜ್ಜೆ ಮುಂದೆ. ಅಭಿಮಾನದಿಂದ ಕಣ್ಣುದಾನದ ಅರ್ಜಿ ತುಂಬಿದವರು ಬಹಳ. ಆದರೆ ಸಾವಿನ ಮನೆಯಲ್ಲಿ ಏನು ಮಾಡಬೇಕು ಎನ್ನುವುದನ್ನು ಯಾರಾದರೂ ಕಲಿತಿರಲೇಬೇಕಲ್ಲ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆಯನ್ನು ತುಸು ಎತ್ತರಿಸಬೇಕು, ಕೂಡಲೇ ನೇತ್ರಬ್ಯಾಂಕಿಗೆ ಫೋನ್ ಮಾಡಬೇಕು. ಸಾಮಾನ್ಯವಾಗಿ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಚಿಂತಾಕಿಯಂಥ ಗಡಿಯ ಹಳ್ಳಿಯಲ್ಲಿ ನಡುರಾತ್ರಿ ಆ 6 ಗಂಟೆಯನ್ನು ಹೇಗೆ ಉಳಿಸಿಕೊಳ್ಳುವುದೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.