ಕ್ಯಾಮೆರಾಗೊಂದು ಹಿಡಿ

ಈ ಕಡೆ ತಲೆ ಹಾಕಿ ಸುಮಾರು ದಿನ ಆಯ್ತು. "ಯಾಕ್ರೀ, ಫೋಟೋ ಹಾಕೋದೇ ನಿಲ್ಲಿಸಿಬಿಟ್ರಿ?" ಅಂತ ಇಬ್ಬರು ಮೂವರು ಮೇಲ್ ಮಾಡಿದ್ರು. ಕೆಲಸ ಜಾಸ್ತಿ, ಟೈಮಿಲ್ಲ ಅಂತೆಲ್ಲ ಸುಳ್ಳು ಬರೆದು ತಪ್ಪಿಸಿಕೊಂಡಿದ್ದೆ. ನಿಜ ಇವತ್ತು ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಟೀ ಮಾಡ್ಕೊಂಡು ಬಂದು ಕೂತ್ಕೊಳ್ಳಿ.

2022ರ ಮಳೆಗಾಲದಲ್ಲಿ ಬೈಕಿನಿಂದ ಬಿದ್ದೆ. ದೊಡ್ಡ ಅಪಘಾತ ಏನಲ್ಲ, ತಪ್ಪೂ ನನ್ನದೇ. ಬಲಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಮುರಿದವು. ಮೂಳೆ ಕೂಡಿಕೊಂಡಿತು, ಆದರೆ ಬೆರಳು ಪೂರ್ತಿ ಮಡಚೋದಿಲ್ಲ. ಅರ್ಧಕ್ಕೆ ನಿಂತು ಬಿಡುತ್ತವೆ. ಊಟ ಮಾಡ್ತೀನಿ, ಕೀಬೋರ್ಡ್ ಕುಟ್ತೀನಿ, ಸಹಿ ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ. ಆ ಎರಡು ಬೆರಳು ಇಷ್ಟು ವರ್ಷ ಏನು ಕೆಲಸ ಮಾಡ್ತಿದ್ವು ಅನ್ನೋದು ನನಗೆ ತಿಳಿದಿದ್ದು ಕ್ಯಾಮೆರಾ ಹಿಡಿದಾಗಲೇ.

ನನ್ನದು ಫ್ಯೂಜಿಫಿಲ್ಮ್ ಎಕ್ಸ್-ಟಿ30. ಮಿರರ್‌ಲೆಸ್. 2019ರಲ್ಲಿ ಬಂದ ಮಾಡೆಲ್ಲು. ಬ್ಯಾಟರಿ, ಕಾರ್ಡು ಸೇರಿ 383 ಗ್ರಾಂ ಅಷ್ಟೇ. ಹಗುರ ಅಂತಲೇ ತಗೊಂಡಿದ್ದು. ಎತ್ತರ ಎಂಟೂಕಾಲು ಸೆಂಟಿಮೀಟರ್, ಹಾಗಾಗಿ ಸರಿಯಾದ ಕೈ ಇದ್ದವರಿಗೂ ಕಿರುಬೆರಳು ಕೆಳಗೆ ಜೋತಾಡುತ್ತೆ. ಮುಂದುಗಡೆ ಹಿಡಿ ಅಂತ ಇರೋದು ಒಂದು ಸಣ್ಣ ಉಬ್ಬು. ಇದಕ್ಕೆ 70-300 ಲೆನ್ಸ್ ಹಾಕಿದೆ ಅನ್ನಿ, ಅದೊಂದೇ 580 ಗ್ರಾಂ. ಭಾರವೆಲ್ಲ ಮುಂದಕ್ಕೆ ಹೋಗಿ ಕ್ಯಾಮೆರಾ ಮೂಗು ಕೆಳಗೆ ಮಾಡುತ್ತೆ.

ಫೋಟೋ ತೆಗೆಯುವಾಗ ತೊಂದರೆ ಇಲ್ಲ, ಎಡಗೈ ಲೆನ್ಸ್ ಕೆಳಗಿರುತ್ತೆ. ತೊಂದರೆ ಇರೋದು ನಡೆಯುವಾಗ. ಹೊಲದ ಬದುವಿನ ಮೇಲೆ ಎಡಗೈಯಲ್ಲಿ ಚಪ್ಪಲಿ, ಬಲಗೈಯಲ್ಲಿ ಕ್ಯಾಮೆರಾ. ಆಗ ಇಡೀ ಭಾರ ಆ ಎರಡು ಬೆರಳಿಗೇ.

ನಮ್ಮೂರು ಹಚ್ಚೊಳ್ಳಿ, ಸಿರುಗುಪ್ಪ ತಾಲೂಕು. ಕಾಲುವೆ ನೀರು ಬಂದ ಕಡೆ ಭತ್ತ, ಬಾರದ ಕಡೆ ಎರೆ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ. 2024ರ ಆಗಸ್ಟಿನಲ್ಲಿ ನಾಟಿ ಫೋಟೋ ತೆಗೆಯೋಣ ಅಂತ ಹೋಗಿದ್ದೆ. ನೆನಪಿರಬೇಕು ನಿಮಗೆ, 10ನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ಅದೇ ವಾರ. ಡ್ಯಾಮ್ ಬರಿದಾದರೆ ನಟ್ಟ ಪೈರಿಗೆ ಗತಿ ಏನು ಅಂತ ಊರಲ್ಲಿ ಅದೊಂದೇ ಮಾತು. ಅಮ್ಮ ಮಾತ್ರ ಮಂದಿ ಜೊತೆ ಬಗ್ಗಿ ಸಸಿ ಊರುತ್ತಲೇ ಇದ್ದಳು. ಆ ಬಗ್ಗಿದ ಬೆನ್ನುಗಳ ಸಾಲು ಬೇಕಿತ್ತು ನನಗೆ. ಬದುವಿನ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದೆ, ಕೈ ಬೆವರಿತ್ತು, ಜಾರಿತು. ಮಣಿಕಟ್ಟಿನ ಪಟ್ಟಿ ಇದ್ದಿದ್ದಕ್ಕೆ ಉಳೀತು, ಆದರೂ ಲೆನ್ಸಿನ ಮೂತಿ ಕೆಸರಿಗೆ ತಾಗಿಯೇ ಬಿಟ್ಟಿತು. (ಈ ಕ್ಯಾಮೆರಾಗೆ ನೀರು, ಧೂಳು ತಡೆಯುವ ಸೀಲು ಬೇರೆ ಇಲ್ಲ.) ಅಮ್ಮ ತಲೆ ಎತ್ತಿ ನೋಡಿ, "ಒಳಗ ಇಡಪ್ಪ ಅದನ್ನ, ಕೈಲಾಗದಿದ್ರ ಯಾಕ ಬೇಕು" ಅಂದಳು. ಬೈದಿದ್ದಲ್ಲ ಅದು, ಕನಿಕರ. ಬೈದಿದ್ದರೆ ಚೆನ್ನಾಗಿತ್ತು.

ಕ್ಯಾಮೆರಾ ಒಳಗೆ ಹೋಯ್ತು. ನಾನೂ ಕೈಯನ್ನ ಜೇಬಲ್ಲಿ ಇಟ್ಕೊಂಡೆ.

ಆಮೇಲೆ ಬೆಂಗಳೂರಿಗೆ ವಾಪಸ್ ಬಂದು, ರಾತ್ರಿ ಹೊತ್ತು ಹ್ಯಾಂಡ್ ಗ್ರಿಪ್ ಹುಡುಕೋ ಹುಚ್ಚು ಹತ್ತಿತು. ಹೆಬ್ಬೆರಳಿಗೆ ಆಸರೆ ಕೊಡೋದು ಒಂಥರಾ, ಅದು ಫ್ಲ್ಯಾಶ್ ಕೂರುವ ಜಾಗ ತಿಂದು ಬಿಡುತ್ತೆ. ಕೈ ಹಿಂಭಾಗಕ್ಕೆ ಬೆಲ್ಟ್ ಹಾಕೋದು ಇನ್ನೊಂದು ಥರ. ಇನ್ನು ಬುಡಕ್ಕೆ ಸ್ಕ್ರೂ ಹಾಕಿ ಮುಂದೆ ಉಬ್ಬು ಬರಿಸೋದು, ನನಗೆ ಬೇಕಿದ್ದದ್ದು ಇದೇ. ಒಲಿಂಪಸ್‌ನವರು 2012ರ ಇ-ಎಂ5ಗೆ ಎರಡು ತುಂಡಿನ ಗ್ರಿಪ್ ಮಾಡಿದ್ದರು, ಮೇಲಿನ ತುಂಡು ಮಾತ್ರ ಬೇಕಾದರೂ ಹಾಕಿಕೊಳ್ಳಬಹುದಿತ್ತು. ನನ್ನ ಕ್ಯಾಮೆರಾಗೆ ಅಂಥ ಭಾಗ್ಯ ಇಲ್ಲ.

ಮೊದಲು ಅಗ್ಗದ್ದೊಂದು ತರಿಸಿ ಕೈ ಸುಟ್ಟುಕೊಂಡೆ. ಹೆಸರು ಬೇಡ ಬಿಡಿ. ಒಂದೇ ಸ್ಕ್ರೂ ಮೇಲೆ ನಿಂತಿರೋ ಯಾವುದಾದರೂ ತಿರುಗುತ್ತೆ ತಾನೆ? ಅದನ್ನ ತಡೆಯೋಕೆ ಅಂಚಿನಲ್ಲಿ ಒಂದು ತುಟಿ ಇರಬೇಕು, ಕ್ಯಾಮೆರಾ ಮೈಗೆ ಒತ್ತಿಕೊಂಡು ಕೂರಬೇಕು. ಅದಕ್ಕೆ ಅದಿರಲಿಲ್ಲ. ಅರ್ಧ ಗಂಟೆಗೊಮ್ಮೆ ಸಡಿಲ. ಸಾಲದ್ದಕ್ಕೆ ಬ್ಯಾಟರಿ ಬಾಗಿಲಿಗೇ ಅಡ್ಡ. ಎಕ್ಸ್-ಟಿ30ರಲ್ಲಿ ಟ್ರೈಪಾಡ್ ತೂತು ಬ್ಯಾಟರಿ ಬಾಗಿಲ ಪಕ್ಕದಲ್ಲೇ ಇದೆ, ಕೊಳ್ಳೋರು ಇದೊಂದು ನೋಡಿಕೊಳ್ಳಿ.

ಎರಡನೇದು ಕಂಪನಿಯದ್ದೇ, ಎಂಎಚ್‌ಜಿ-ಎಕ್ಸ್‌ಟಿ10. ಎಕ್ಸ್-ಟಿ10ಗೆ ಅಂತ ಮಾಡಿದ್ದು, ಟಿ20, ಟಿ30ಗೂ ಕೂರುತ್ತೆ. ಲೋಹದ್ದು, ಗಟ್ಟಿ. ಬಿಚ್ಚದೆಯೇ ಬ್ಯಾಟರಿ ತೆಗೀಬಹುದು, ಬುಡವೇ ಟ್ರೈಪಾಡಿನ ಪ್ಲೇಟಿನ ಹಾಗೆ ಕೆಲಸ ಮಾಡುತ್ತೆ. ಒಳ್ಳೇ ಸಾಮಾನು, ಸಾಮಾನ್ಯ ಕೈಗೆ. ನನ್ನ ಕೈಗೆ ಇನ್ನೂ ಸಾಲದು. ಆಗ ನೆನಪಾಯ್ತು, ಕೈ ಮುರಿದಾಗ ಫಿಸಿಯೋ ಮೇಡಂ ಚಮಚದ ಹಿಡಿಗೆ ಸ್ಪಂಜು ಸುತ್ತಿ ಕೊಟ್ಟಿದ್ದರು. ಮಡಚದ ಬೆರಳು ಸಣ್ಣ ಸುತ್ತನ್ನ ಹಿಡಿಯಲ್ಲ, ದಪ್ಪ ಇದ್ದರೆ ಹಿಡಿಯುತ್ತೆ. ಇಷ್ಟು ಸರಳ ವಿಷಯ ಎರಡು ವರ್ಷ ಹೊಳೀಲಿಲ್ಲ ನೋಡಿ!

2025ರ ಯುಗಾದಿಗೆ ಊರಿಗೆ ಹೋದಾಗ ಜೊತೆಗೆ ಒಯ್ದಿದ್ದೆ. ಹತ್ತು ನಿಮಿಷ ಬಿಸಿಲಲ್ಲಿಟ್ಟರೆ ಲೋಹ ಮುಟ್ಟಂಗಿಲ್ಲ. ಬಳ್ಳಾರಿ ಬಿಸಿಲು ಜಪಾನಿನವರಿಗೆ ಹೇಗೆ ಗೊತ್ತಿರಬೇಕು!

ನಮ್ಮ ಓಣಿಯಲ್ಲಿ ಒಬ್ಬ ಬಡಗಿ ತಾತ ಇದ್ದಾರೆ. ಕುರಿಗೆ, ಕುಂಟೆ ಈಗ ಕಡಿಮೆ. ಕುಡುಗೋಲಿಗೆ, ಕೊಡಲಿಗೆ ಕಾವು ಹಾಕಿಸಿಕೊಳ್ಳೋರು ಮಾತ್ರ ಬರ್ತಾರೆ. ಹೋಗಿ ಕ್ಯಾಮೆರಾ ಮುಂದಿಟ್ಟು, ಇದಕ್ಕೊಂದು ಕಟ್ಟಿಗೆ ಹಿಡಿ ಆಗುತ್ತಾ ಅಂತ ಕೇಳಿದೆ. ತಾತ ಕ್ಯಾಮೆರಾ ನೋಡಲೇ ಇಲ್ಲ.

"ಕೈ ತೋರ್ಸು."

ಎಡಗೈ ಚಾಚಿದೆ. ಯಾಕೋ ಗೊತ್ತಿಲ್ಲ.

"ಅದಲ್ಲಪ, ಹಿಡಿಯೋ ಕೈ."

ಜೇಬಿಂದ ತೆಗೆದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ, ಒಂದೊಂದೇ ಬೆರಳು ಮಡಚಿ, ಎಲ್ಲಿ ನಿಲ್ಲುತ್ತೆ ನೋಡಿದರು. ಹೇಗಾಯ್ತು, ಯಾವಾಗಾಯ್ತು ಅಂತ ಒಂದು ಮಾತೂ ಕೇಳಲಿಲ್ಲ. ಹಿತ್ತಲಿನಿಂದ ಒಂದು ಮುದ್ದೆ ಎರೆಮಣ್ಣು ಕಲಸಿ ತಂದು, "ಹಿಂಡು" ಅಂದರು. ಹಿಂಡಿದೆ. ಬೆರಳಚ್ಚು ಮೂಡಿದ ಆ ಮುದ್ದೆಯನ್ನ ಬೆಳಕಿಗೆ ಹಿಡಿದು, "ಎರಡು ಬಳ್ಳಿಗೆ ಹೊಟ್ಟಿ ದಪ್ಪ ಬೇಕು, ಮ್ಯಾಲ ಸಣ್ಣ" ಅಂದರು. ನಾನು ತಿಂಗಳುಗಟ್ಟಲೆ ಹುಡುಕಿದ್ದು ಒಂದು ಸಾಲಲ್ಲಿ ಮುಗೀತು. ಎರೆಮಣ್ಣು ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ, ಹಾಗಾಗಿ ಅವತ್ತು ಸಂಜೆಯೇ ಕೆತ್ತೋಕೆ ಕೂತರು. ಹಳೇ ಕುರಿಗೆಯದ್ದೊಂದು ಜಾಲಿ ತುಂಡು, ಕಬ್ಬಿಣದಂಗೆ ಗಟ್ಟಿ.

ಮೊದಲನೇದು ಕೆಟ್ಟಿತು. ಕೈಗೆ ಚೆನ್ನಾಗಿತ್ತು, ಆದರೆ ಲೆನ್ಸ್ ಹಾಕಿದರೆ ಹಿಡಿಗೂ ಲೆನ್ಸಿಗೂ ನಡುವೆ ಬೆರಳು ಹೋಗೋಕೆ ಜಾಗವೇ ಇಲ್ಲ! ಕುಡುಗೋಲಿಗೆ ಲೆನ್ಸ್ ಇರಲ್ಲವಲ್ಲ, ತಾತನ ತಪ್ಪಲ್ಲ. ಒಳಮೈ ಸವರಿ ಸವರಿ ಎರಡನೇ ಸಲಕ್ಕೆ ಕೂತಿತು. ಲೋಹದ ಗ್ರಿಪ್ಪಿನ ಮುಖವನ್ನ ಉಪ್ಪುಕಾಗದದಿಂದ ಉಜ್ಜಿ, ಅರಾಲ್ಡೈಟ್ ಹಾಕಿ ಅಂಟಿಸಿದ್ವಿ. ಸ್ಕ್ರೂ ಮಾತ್ರ ಕಂಪನಿಯದ್ದೇ. ತಾತನ ಡಬ್ಬಿಯಲ್ಲಿದ್ದ ಕಾಲಿಂಚಿನ ಬೋಲ್ಟೂ ಆ ತೂತಿಗೆ ಕೂರುತ್ತಿತ್ತು, ಇಂಚಿಗೆ 20 ಸುತ್ತು ಎರಡಕ್ಕೂ ಒಂದೇ. ಆದರೆ ತೂತು ಆಳ ಇಲ್ಲ, ನಾಲ್ಕೂವರೆ ಮಿಲಿಮೀಟರಿಗಿಂತ ಒಳಗೆ ಹೋದರೆ ಕ್ಯಾಮೆರಾ ಹೊಟ್ಟೆಗೇ ಚುಚ್ಚೀತು ಅಂತ ಬೇಡ ಅಂದೆ. ಕೊನೆಗೆ ಅಗಸೆ ಎಣ್ಣೆ ಒರೆಸಿದರು. ಶೇಂಗಾ ಎಣ್ಣೆ ಆಗಲ್ವಾ ಅಂದಿದ್ದಕ್ಕೆ, "ಅದು ಒಣಗಲ್ಲ, ಜಿಡ್ಡು ನಾರ್ತತಿ" ಅಂತ ಬೈಸಿಕೊಂಡೆ.

ಈಗ ಒಟ್ಟು ತೂಕ ಒಂದು ಕೆಜಿ ದಾಟಿದೆ. ಹಗುರ ಅಂತ ತಗೊಂಡ ಕ್ಯಾಮೆರಾ! ನೋಡೋಕೂ ಚೆಂದ ಇಲ್ಲ, ಒಂದು ಕಡೆ ಹೊಟ್ಟೆ ಬಂದಂಗಿದೆ. ಎಡಗೈಯವರಿಗೆ, ಬೇರೆ ಯಾರಿಗೂ ಆಗಿಬರಲ್ಲ. ನನ್ನ ಹೆಂಡತಿ ಹಿಡಿದು ನೋಡಿ, "ಇದೇನ್ರೀ ಇದು, ನನ್ನ ಬೆರಳೇ ಸುತ್ತಲ್ಲ" ಅಂತ ವಾಪಸ್ ಕೊಟ್ಟಳು.

ಮರುದಿನ ಬೆಳಿಗ್ಗೆ ಕಾಲುವೆ ಏರಿ ಮೇಲೆ ಹೋದೆ. ಎಡಗೈಯಲ್ಲಿ ಚಪ್ಪಲಿ. ಅಮ್ಮ ಹಿಂದಿನಿಂದ ಬರ್ತಿದ್ದಳು, ಏನೂ ಅನ್ನಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸೆರಗು ಸರಿ ಮಾಡಿಕೊಂಡು ನಿಂತುಬಿಟ್ಟಳು, ತಾನಾಗೇ. ಒಂಬತ್ತು ಫೋಟೋ ತೆಗೆದೆ. ಎರಡು ಅಲುಗಿವೆ. ಉಳಿದದ್ದನ್ನ ನಾಳೆ ಹಾಕ್ತೀನಿ, ನೆಟ್ ಕೈ ಕೊಡದಿದ್ದರೆ.